ಎಷ್ಟು ಮಂದಿ ಬೈರೇಗೌಡರು?

ಕೊರಟಗೆರೆಯಲ್ಲಿ ಯಾರನ್ನು ಕೇಳಿದರೂ ಊರು ಕಟ್ಟಿದವನು ರಣಬೈರೇಗೌಡ ಎಂದೇ ಹೇಳುತ್ತಾರೆ. ದೇವನಹಳ್ಳಿಯಾಚೆಯ ಆವತಿಗೆ ಹೋಗಿ ಕೇಳಿದರೆ, ಕಂಚಿ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬಂದು ಅಲ್ಲಿ ನೆಲೆ ನಿಂತವನೂ ರಣಬೈರೇಗೌಡನೇ. ಎರಡೂ ಸುಳ್ಳಲ್ಲ. ಇಬ್ಬರನ್ನೂ ಒಬ್ಬನೇ ಎಂದುಕೊಂಡಾಗ ಎಡವಟ್ಟು ಶುರುವಾಗುತ್ತದೆ. ನಮ್ಮ ಕಡೆಯ ನಾಟಕಗಳಲ್ಲಿ, ಹಬ್ಬದ ಭಾಷಣಗಳಲ್ಲಿ ಒಬ್ಬನೇ ಗೌಡ ಕಂಚಿಯಿಂದ ಹೊರಟು, ಆವತಿಯಲ್ಲಿ ಇಳಿದು, ಮಾರನೆಯ ಅಂಕದಲ್ಲೇ ಕೊರಟಗೆರೆಯ ಕೋಟೆ ಏರಿಸಿಬಿಡುತ್ತಾನೆ. ನಡುವಿನ ಅಷ್ಟೂ ತಲೆಮಾರುಗಳು ಪರದೆಯ ಹಿಂದೆ ಕಳೆದುಹೋಗುತ್ತವೆ. ಆ ತಲೆಮಾರುಗಳನ್ನು ಸಾಧ್ಯವಾದಷ್ಟು ಬಿಡಿಸಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರ್ಕಾರಿ ಲೆಕ್ಕದ್ದು ಮುಗಿಸಿಬಿಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿದರೆ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗ. ಶಾಲೆಗಳ ಮಟ್ಟಿಗೆ ಮಧುಗಿರಿ ಬೇರೆಯೇ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಾತ್ರ ನಾವು ಜಿಲ್ಲೆಯವರು, ಮಿಕ್ಕ ದಿನ ತುಮಕೂರಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವವರು. ಮಧುಗಿರಿಯನ್ನು ಕಂದಾಯ ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಪಾವಗಡ ಹಿಂದೆ ಚಿತ್ರದುರ್ಗಕ್ಕೆ ಸೇರಿತ್ತು. ಈಗ ಮೂರು ಕಡೆ ಆಂಧ್ರ, ನಡುವೆ ಆ ತಾಲ್ಲೂಕು, ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಫಲಕಗಳು. ಇಷ್ಟು ಸಾಕು.

ಆವತಿಯವರ ಕಥೆ ಮೈಸೂರು ಗೆಜೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆದಿಟ್ಟದ್ದಕ್ಕೂ ನಮ್ಮ ಹಿರಿಯರ ಬಾಯಲ್ಲಿ ಇರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕಂಚಿಯ ಹತ್ತಿರದ ಒಂದು ಹಳ್ಳಿಯಲ್ಲಿ ಮೊರಸು ಒಕ್ಕಲಿಗರ ಒಂದು ದೊಡ್ಡ ಕುಟುಂಬ. ಆ ಸೀಮೆಯ ಬಲಾಢ್ಯನೊಬ್ಬ ಮನೆಯ ಹೆಣ್ಣುಮಗಳನ್ನು ಕೊಡಿ ಎಂದು ಪಟ್ಟು ಹಿಡಿದ. ಕೊಡಲು ಮನಸ್ಸಿಲ್ಲ, ಎದುರಿಸಲು ಬಲವಿಲ್ಲ. ರಾತ್ರೋರಾತ್ರಿ ಬಂಡಿ ಹೂಡಿ ಹೊರಟರು. ಅಣ್ಣತಮ್ಮಂದಿರು ಏಳು ಮಂದಿ ಎನ್ನುವವರೂ ಇದ್ದಾರೆ, ಎಂಟು ಎನ್ನುವವರೂ ಇದ್ದಾರೆ. ಬೆನ್ನ ಹಿಂದೆ ಕುದುರೆ ಸವಾರರು, ಎದುರಿಗೆ ತುಂಬಿ ಹರಿಯುವ ಪಾಲಾರ್. ಹುಡುಗಿ ಕಿವಿಯ ಓಲೆ ಬಿಚ್ಚಿ ಗಂಗಮ್ಮನಿಗೆ ಅರ್ಪಿಸಿದಳು, ಹೊಳೆ ಇಬ್ಭಾಗವಾಗಿ ದಾರಿ ಬಿಟ್ಟಿತು, ಬಂಡಿಗಳು ದಾಟಿದ ಮೇಲೆ ಮತ್ತೆ ಕೂಡಿಕೊಂಡಿತು. ನಂದಿಯ ಪಕ್ಕದ ಬೆಟ್ಟದ ಬುಡದಲ್ಲಿ ಮಲಗಿದಾಗ ಇಲ್ಲೇ ನಿಲ್ಲಿ ಎಂದು ಕನಸಾಯಿತು. ಅದೇ ಆವತಿ.

ಹೊಳೆ ಇಬ್ಭಾಗವಾಯಿತೇ ಎಂದು ವಾದಕ್ಕೆ ಇಳಿಯುವ ಅಗತ್ಯ ನನಗೆ ಕಾಣುವುದಿಲ್ಲ. ದಕ್ಷಿಣದ ಎಷ್ಟೋ ವಲಸೆ ಕುಲಗಳು ಇಂಥದೇ ಕಥೆ ಹೇಳುತ್ತವೆ: ಮೇಲೆ ಬಿದ್ದ ದೊರೆ, ಮನೆಮಗಳ ಮಾನ, ದಾರಿ ಕೊಟ್ಟ ಹೊಳೆ. ನನಗೆ ಹೆಚ್ಚು ನಂಬಿಕೆ ಹುಟ್ಟಿಸುವುದು ಅವರ ಹೆಸರುಗಳು. ಮೊರಸು ಒಕ್ಕಲಿಗರ ಕುಲದೈವ ಭೈರವ. ಕೋಲಾರದ ಸೀತಿಬೆಟ್ಟದ ಭೈರವನ ಗುಡಿಗೆ ನಡೆದುಕೊಳ್ಳುತ್ತಿದ್ದ ಒಂದು ಪಂಗಡದಲ್ಲಿ, ಮೊದಲ ಮಗುವಿನ ಕಿವಿ ಚುಚ್ಚುವ ಮುನ್ನ ತಾಯಿಯ ಬಲಗೈಯ ಉಂಗುರಬೆರಳು, ಕಿರುಬೆರಳುಗಳ ತುದಿಯನ್ನು ಕತ್ತರಿಸಿ ಒಪ್ಪಿಸುವ ಪದ್ಧತಿಯೇ ಇತ್ತು. ಸರ್ಕಾರ ಅದನ್ನು ನಿಲ್ಲಿಸಿದ ಮೇಲೆ ಬೆರಳಿಗೆ ಬಂಗಾರದ ತಗಡು ಸುತ್ತಿ ಅದನ್ನು ತೆಗೆದುಕೊಡುವುದರಲ್ಲಿ ಮುಗಿಸಿದರು. ಬೆರಳನ್ನೇ ಕೊಡುವ ದೈವದ ಹೆಸರನ್ನು ಮಕ್ಕಳಿಗೆ ಇಡದಿರುತ್ತಾರೆಯೇ? ಹಾಗಾಗಿ ಈ ವಂಶದಲ್ಲಿ ಅಜ್ಜನೂ ಬೈರೇಗೌಡ, ಮೊಮ್ಮಗನೂ ಬೈರೇಗೌಡ. ಬೇರೆ ಬೇರೆ ಎಂದು ಗುರುತಿಸಲು ಮುಂದೆ ಒಂದು ಮಾತು ಸೇರಿಸಿದರು: ರಣ, ಮಲ್ಲ, ದೊಡ್ಡ, ಸಣ್ಣ. ಗೊಂದಲದ ಬೇರು ಇಲ್ಲಿದೆ.

ಆವತಿಯಿಂದ ಕವಲುಗಳು ಒಡೆದದ್ದು ಹೀಗೆ. ಒಂದು ಕವಲು ಜಯಗೌಡನ ಕಾಲಕ್ಕೆ ಯಲಹಂಕ ಸೇರಿ ಯಲಹಂಕ ನಾಡಪ್ರಭುಗಳಾಯಿತು. ಅದೇ ಮನೆಯ ಕೆಂಪೇಗೌಡ 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ್ದು ಎಲ್ಲರಿಗೂ ಗೊತ್ತಿದೆ. ಇನ್ನೊಂದು ಕವಲಿನ ಮಲ್ಲಬೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿದ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳೂ ಇದೇ ದಾಯಾದಿಗಳ ಊರುಗಳು. ದೊಡ್ಡಬಳ್ಳಾಪುರದವರ ಆಸರೆಯಲ್ಲಿ ಒಬ್ಬ ಬೈರೇಗೌಡ ಪಶ್ಚಿಮಕ್ಕೆ ಸರಿದು ಜಯಮಂಗಲಿಯ ಬಯಲಿಗೆ ಬಂದ. ಆಗ ಕೊರಂಪುರ ಎನ್ನಿಸಿಕೊಂಡಿದ್ದ ಊರೇ ಇಂದಿನ ಹೊಳವನಹಳ್ಳಿ. ನಮ್ಮ ಕೊರಟಗೆರೆ ತಾಲ್ಲೂಕಿಗೆ ಆವತಿಯ ರಕ್ತ ಬಂದದ್ದು ಇಲ್ಲಿಂದ. ಈ ಹೊಳವನಹಳ್ಳಿಯ ಸಾಲಿನಲ್ಲಿ ಮುಂದೆ ಹುಟ್ಟಿದ ರಣಬೈರೇಗೌಡ ಕೊರಟಗೆರೆ ಕಟ್ಟಿದವನು. ಅಂದರೆ ಆವತಿಯ ರಣಬೈರೇಗೌಡ ಇವನಿಗೆ ಮೂಲಪುರುಷ. ಇವನು ಅವನ ಹೆಸರನ್ನು ಹೊತ್ತ ವಂಶದ ಕುಡಿ. ಗೆಜೆಟಿಯರನ್ನು ಎರಡು ಸಲ ಗಮನವಿಟ್ಟು ಓದಿದರೆ ಇದು ಸ್ಪಷ್ಟವಾಗಿದೆ. ಆದರೂ ಊರಿನಲ್ಲಿ ಇದನ್ನು ಹೇಳಿದರೆ, ನೀವು ನಮ್ಮ ರಾಜನನ್ನು ಚಿಕ್ಕವನನ್ನಾಗಿ ಮಾಡುತ್ತೀರಿ ಎಂದು ಮುನಿಸಿಕೊಳ್ಳುವವರಿದ್ದಾರೆ. ಇಬ್ಬರು ಸಿಕ್ಕರೆ ಲಾಭವಲ್ಲವೇ ಎಂದರೂ ಒಪ್ಪುವುದಿಲ್ಲ.

ಕೊರಟಗೆರೆಯ ಕೋಟೆಯನ್ನು ಟಿಪ್ಪು ಕೆಡವಿಸಿದ ಎಂದು ರೈಸ್ ಬರೆದಿದ್ದಾರೆ. ಊರಿಗೆ ಪಶ್ಚಿಮದಲ್ಲಿ ಬೆಟ್ಟ, ಬೆಟ್ಟದ ಮೇಲೆ ಗಂಗಾಧರೇಶ್ವರ. ಬೆಟ್ಟ ಹತ್ತಿ ನಿಂತರೆ ಕೆಳಗೆ ಇಡೀ ಪೇಟೆ, ಕೆರೆ ಬಯಲು ಅಂಗೈಯಲ್ಲಿದ್ದಂತೆ ಕಾಣುತ್ತದೆ. ಗೌಡ ಈ ಜಾಗವನ್ನೇ ಯಾಕೆ ಆರಿಸಿಕೊಂಡ ಎಂದು ಪುಸ್ತಕ ತೆರೆಯದೆಯೇ ತಿಳಿಯುತ್ತದೆ. ಹೊಳವನಹಳ್ಳಿ ಬಯಲಿನ ಊರು, ಕಾವಲಿಗೆ ಬೆಟ್ಟವಿಲ್ಲ. ಪಾಳೆಯಗಾರನಿಗೆ ಬೆಟ್ಟ ಬೇಕು. ಬೆಳೆಯುವ ಮನೆತನ ಹೊಳೆಯ ದಡದಿಂದ ಬೆಟ್ಟದ ಬುಡಕ್ಕೆ ಸರಿಯಿತು.

ಇದೇ ಹೊತ್ತಿನಲ್ಲಿ ಇನ್ನೊಂದು ಮನೆತನದ ಮಾತು ಹೇಳಲೇಬೇಕು. ಅವರು ಬಂದದ್ದು ಉತ್ತರದಿಂದ, ಇಳಿದದ್ದು ಶಿರಾದಲ್ಲಿ. ಶಿರಾದ ಕೋಟೆಗೆ ಬುನಾದಿ ಹಾಕಿದವನು ರತ್ನಗಿರಿಯ ರಂಗಪ್ಪನಾಯಕ. ಕೆಲಸ ಮುಗಿಯುವ ಮೊದಲೇ ಅದು ಬಿಜಾಪುರದ ರಣದುಲ್ಲಾ ಖಾನನ ಪಾಲಾಯಿತು. ಅಲ್ಲಿ ಸುಬೇದಾರನಾಗಿದ್ದ ಮಲಿಕ್ ರಿಹಾನನ ಗೋರಿಯ ಮೇಲೆ 1651ರ ಕಾಲ ಕೆತ್ತಿದೆ. 1687ರಲ್ಲಿ ಮೊಗಲರು ಬಂದರು, ಶಿರಾ ಒಂದು ಸುಬೆಯ ರಾಜಧಾನಿಯಾಯಿತು. ರಾಜಧಾನಿ ಎಂದರೆ ಸುಂಕದ ಕಟ್ಟೆ, ಸುಂಕದ ಕಟ್ಟೆ ಎಂದರೆ ಜವಾನರು. ಆ ಜವಾನರಲ್ಲಿ ಇಬ್ಬರು ಅಣ್ಣತಮ್ಮಂದಿರು, ಅಲಿ ಮಹಮ್ಮದ್ ಮತ್ತು ವಲಿ ಮಹಮ್ಮದ್. ಅವರ ತಂದೆ ಪಂಜಾಬಿನ ಕಡೆಯಿಂದ ಬಂದು ಆಳಂದದಲ್ಲಿ ನೆಲೆಸಿದವನು. ಅಲಿ ಮಹಮ್ಮದನ ಮಗ ಫತೇ ಮಹಮ್ಮದ್, ಫತೇ ಮಹಮ್ಮದನ ಮಗ ಹೈದರ್ ಅಲಿ.

ಇದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲ್ಕ್ಸ್ ಬರೆದ ವಂಶಾವಳಿ. ಟಿಪ್ಪುವಿನ ಆಶ್ರಯದಲ್ಲಿದ್ದ ಕಿರ್ಮಾನಿಯ ಪಾರಸಿ ಪುಸ್ತಕ ನಿಶಾನ್-ಎ-ಹೈದರಿಯಲ್ಲಿ ಕುಲಮೂಲ ಬೇರೆ, ಬಹಳ ದೊಡ್ಡದು. ಗೆದ್ದವರ ಆಶ್ರಯದಲ್ಲಿ ಇದ್ದವನು ಬರೆದ ವಂಶಾವಳಿ ಅಜ್ಜನನ್ನು ಸುಂಕದ ಕಟ್ಟೆಯಲ್ಲಿ ನಿಲ್ಲಿಸುವುದಿಲ್ಲ. ಟಿಪ್ಪುವನ್ನು ಸೋಲಿಸಿದ ಕಂಪನಿಯ ಅಧಿಕಾರಿ ನಿಲ್ಲಿಸದೆ ಬಿಡುವುದಿಲ್ಲ. ಆದರೂ ನನಗೆ ವಿಲ್ಕ್ಸನ ಕಡೆಯೇ ಒಲವು. ಸುಂಕದ ಜವಾನ, ಕೋಲಾರದಲ್ಲಿ ಅಣ್ಣ ಸತ್ತ ಮೇಲೆ ವಿಧವೆ ಅತ್ತಿಗೆಯನ್ನು ಮನೆಯಿಂದ ಹೊರಗೆ ಹಾಕಿದ ತಮ್ಮ, ಇಂಥ ಬಡ ವಿವರಗಳನ್ನು ಯಾರೂ ಕೂತು ಕಟ್ಟಿ ಬರೆಯುವುದಿಲ್ಲ. ಇವು ಎಲ್ಲೋ ಯಾರದೋ ನೆನಪಿನಲ್ಲಿ ಉಳಿದು ಬಂದಂತೆಯೇ ಇವೆ.

ಈಗ ಎರಡು ಮನೆತನಗಳ ದಾರಿಗಳು ಕೂಡುತ್ತವೆ. ಶಿರಾದ ಸುಬೇದಾರಿಕೆಗಾಗಿ ನಡೆದ ಕಾಳಗದಲ್ಲಿ ಫತೇ ಮಹಮ್ಮದ್ ಸತ್ತ. ಅವನು ಕಾದಿದ್ದು ಯಾರ ಪರವಾಗಿಯೋ, ಆ ಮನೆಯ ಅಬ್ಬಾಸ್ ಕುಲಿ ಖಾನನೇ ದೊಡ್ಡಬಳ್ಳಾಪುರದಲ್ಲಿ ಜಹಗೀರುದಾರನಾಗಿ ಕೂತು, ಸತ್ತವನ ಸಾಲ ತೀರಿಸಿ ಎಂದು ಹೆಂಡತಿ ಮಕ್ಕಳನ್ನು ಹಿಡಿದಿಟ್ಟ. ಹಿರಿಯ ಹುಡುಗ ಶಹಬಾಜನಿಗೆ ಒಂಬತ್ತು, ಹೈದರನಿಗೆ ಏಳು ಇರಬಹುದು. ಅವರನ್ನು ನಗಾರಿಯೊಳಗೆ ಕೂರಿಸಿ ಚರ್ಮ ಬಿಗಿದು ಮೇಲೆ ಬಡಿಸಿದ ಎಂದು ವಿಲ್ಕ್ಸ್ ಹೇಳುತ್ತಾನೆ. ನಡೆದದ್ದು ಆವತಿಯ ದಾಯಾದಿಗಳು ಕಟ್ಟಿ ಕಳೆದುಕೊಂಡ ಊರಿನಲ್ಲಿ. ಮುಂದೆ 1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿದಾಗ ಹೈದರ್ ಮೊದಲ ಬಾರಿಗೆ ಮೇಲಿನವರ ಕಣ್ಣಿಗೆ ಬಿದ್ದ. ಆ ಕೋಟೆಯೊಳಗೆ ಇದ್ದವರು ಮಲ್ಲಬೈರೇಗೌಡನ ವಂಶದವರು. 1761ರಲ್ಲಿ ಶಿರಾ ಹೈದರನ ಕೈಸೇರಿತು. ಅವನು ದೊಡ್ಡಬಳ್ಳಾಪುರದ ಕಡೆ ತಿರುಗಿದಾಗ ಅಬ್ಬಾಸ್ ಕುಲಿ ಮದ್ರಾಸಿಗೆ ಓಡಿದ. ಮರುವರ್ಷ ಚಿಕ್ಕಬಳ್ಳಾಪುರವೂ ಹೋಯಿತು. ಸುಂಕದ ಜವಾನನ ಮೊಮ್ಮಗ ಆವತಿಯ ಕೊಂಬೆಗಳನ್ನು ಒಂದೊಂದಾಗಿ ಮುರಿದ. ನಮ್ಮ ಹೊಳವನಹಳ್ಳಿ ಕೊರಟಗೆರೆಯ ಸಣ್ಣ ಕೊಂಬೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾಗಡಿಗೆ ಹೋಗಿದ್ದ ಕೆಂಪೇಗೌಡರ ಸಾಲು ಅದಕ್ಕೂ ಮೊದಲೇ, 1728ರಲ್ಲಿ, ಮೈಸೂರಿನವರ ಕೈಯಲ್ಲಿ ಮುಗಿದಿತ್ತು.

ಮಧುಗಿರಿಯವರದು ಬೇರೆ ಮನೆತನ, ದಾಖಲೆಗಳು ಅವರನ್ನು ಆವತಿಗೆ ಸೇರಿಸುವುದಿಲ್ಲ. ಬಿಜ್ಜವರದ ಮಹಾನಾಡಪ್ರಭುಗಳು ಎನ್ನಿಸಿಕೊಂಡವರು. ರಾಜಾ ಹಿರೇಗೌಡ ಎಂಬವನ ಕಾಲದಲ್ಲಿ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೆನೆದು ಬೆಟ್ಟದಿಂದ ಇಳಿದು ಬಂತಂತೆ, ಮೇಲೆ ನೀರಿದೆ ಎಂದು ತಿಳಿದು ಕೋಟೆ ಕಟ್ಟಿದರಂತೆ. ಏಕಶಿಲೆಯ ಆ ಬೆಟ್ಟ ನೋಡಿದರೆ ಕುರಿಯ ಧೈರ್ಯವನ್ನು ಮೆಚ್ಚಬೇಕು. ಏಷ್ಯಾದಲ್ಲಿ ಮೊದಲನೆಯದು ಸಾವನದುರ್ಗ, ನಮ್ಮದು ಎರಡನೆಯದು ಎಂದು ಬರೆಯುವವರು ಎರಡನ್ನೂ ಯಾವ ಟೇಪು ಹಿಡಿದು ಅಳೆದರೋ! 1678ರಲ್ಲಿ ಚಿಕ್ಕದೇವರಾಜ ಒಡೆಯರ ದಳವಾಯಿ ಕೋಟೆ ಗೆದ್ದು ರಾಮಗೌಡ, ತಿಮ್ಮಗೌಡರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಆಮೇಲೆ ಬಿಟ್ಟುಕೊಟ್ಟು ಮಿಡಿಗೇಶಿಯಲ್ಲಿ ಇರಲು ಅವಕಾಶ ಕೊಟ್ಟರು. ಈ ಮನೆತನದ ಒಂದು ಸಂಗತಿ ಮಧುಗಿರಿಯವರಿಗೇ ಗೊತ್ತಿರುವಂತೆ ಕಾಣುವುದಿಲ್ಲ. ಇದರಲ್ಲಿ ಹುಟ್ಟಿದ ಮುಮ್ಮಡಿ ಚಿಕ್ಕಭೂಪಾಲ ಸಂಗೀತಶಾಸ್ತ್ರದ ಮೇಲೆ ಅಭಿನವಭರತಸಾರಸಂಗ್ರಹ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಸುತ್ತಲಿನ ಪಾಳೆಯಗಾರರು ದನ ಹೊಡೆದುಕೊಂಡು ಹೋದ ಕಥೆಗಳನ್ನು ಬಿಟ್ಟುಹೋದರೆ ಇವನೊಬ್ಬ ರಾಗ ತಾಳದ ಪುಸ್ತಕ ಬಿಟ್ಟುಹೋದ. ಮಧುಗಿರಿಯಲ್ಲಿ ಅವನ ಹೆಸರಿನ ಒಂದು ಸಭಾಂಗಣವನ್ನೂ ನಾನು ಕಂಡಿಲ್ಲ.

ಪಾವಗಡದ ನಾಯಕರು, ನಿಡಗಲ್ಲಿನ ಹರತಿ ನಾಯಕರ ಕಥೆ ಮತ್ತೊಂದು ಲೇಖನಕ್ಕಾಗುವಷ್ಟಿದೆ. ಕೊನೆ ಮಾತ್ರ ಒಂದೇ ತೆರ: ಕೋಟೆ ಮೈಸೂರಿಗೆ, ಮನೆಯವರು ಸೆರೆಗೆ.

ಸೆರೆಗೆ ಹೋದವರು ದೊರೆಗಳಷ್ಟೇ ಅಲ್ಲ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಪೇಟೆ ತುಂಬಿಸಲು ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ ಎಂದು ಗೆಜೆಟಿಯರ್ ಹೇಳುತ್ತದೆ. ಸಂಖ್ಯೆ ಸ್ವಲ್ಪ ಉಬ್ಬಿದ್ದರೂ ಇರಬಹುದು. ಆದರೆ ಇದು ವಂಶಾವಳಿಯಿಲ್ಲದ ವಲಸೆ. ಕೆಲವೇ ಬಂಡಿಗಳಲ್ಲಿ ಆವತಿಗೆ ಬಂದವರ ಹೆಸರುಗಳು ನಮಗೆ ಸಿಗುತ್ತವೆ, ಸಾವಿರಾರು ಬಂಡಿಗಳಲ್ಲಿ ಹೋದವರಲ್ಲಿ ಒಬ್ಬರದೂ ಇಲ್ಲ.

ಹೆಸರಿನ ವಿಷಯಕ್ಕೇ ಬಂದರೆ ನಮ್ಮ ಕಡೆಯ ಅಸಮಾಧಾನ ಒಂದನ್ನು ಹೇಳಿಬಿಡುತ್ತೇನೆ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರಿಟ್ಟರು, 2022ರ ನವೆಂಬರ್ 11ರಂದು 108 ಅಡಿಯ ಪ್ರತಿಮೆ ನಿಲ್ಲಿಸಿದರು. ಅದಕ್ಕಾಗಿ ರಾಜ್ಯದ ಊರೂರಿಂದ ಪವಿತ್ರ ಮಣ್ಣು ಸಂಗ್ರಹಿಸಿದರು. ಕೆಂಪೇಗೌಡರಿಗೆ ಆ ಮರ್ಯಾದೆ ಸಲ್ಲಲೇಬೇಕು. ಆದರೆ ನೆಲ ಮಲ್ಲಬೈರೇಗೌಡನ ದೇವನಹಳ್ಳಿಯದು, ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಮೊದಲ ರಣಬೈರೇಗೌಡನ ಮೂಲಸ್ಥಾನ ಆವತಿ. ಇಬ್ಬರಿಗೂ ಅಲ್ಲಿ ಒಂದು ಸಾಲಿನ ಜಾಗ ಇದ್ದರೆ ಕೆಂಪೇಗೌಡರು ಬೇಡ ಎನ್ನುತ್ತಿರಲಿಲ್ಲ. ಕೊರಟಗೆರೆಯ ಕೊಂಬೆಯಂತೂ ಬೆಂಗಳೂರಿನವರ ಲೆಕ್ಕಕ್ಕೇ ಇಲ್ಲ.

ಆವತಿಯ ವಂಶದ ಕೊಂಡಿಗಳು ಪೂರ್ತಿ ಕೂಡಬೇಕಾದರೆ ಶಾಸನ ಬೇಕು, ಕಾಗದ ಬೇಕು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಆಮೇಲೆ ಕೆರೆ ಏರಿಗಳಲ್ಲಿ, ಗುಡಿಯ ಮೆಟ್ಟಿಲುಗಳಲ್ಲಿ ಎಷ್ಟು ಕಲ್ಲು ಮುಚ್ಚಿಹೋಗಿವೆಯೋ. ಹೊಳವನಹಳ್ಳಿ, ಬಿಜ್ಜವರ, ಮಿಡಿಗೇಶಿ ಕಡೆಯವರಲ್ಲಿ ಒಂದು ಕೇಳಿಕೆ ಇದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಇನಾಂ ಸನ್ನದು, ಶಾನುಭೋಗರ ಕಡತ, ಕೈಫಿಯತ್ತಿನ ನಕಲು, ಮದುವೆಯ ಸಂಬಂಧ ಬರೆದಿಟ್ಟ ಪಟ್ಟಿ ಯಾವುದಿದ್ದರೂ ಗೆದ್ದಲು ಹಿಡಿಯುವ ಮುನ್ನ ಮೊಬೈಲಿನಲ್ಲಿ ಒಂದೊಂದು ಪುಟದ ಫೋಟೊ ತೆಗೆದಿಡಿ. ಬೈರೇಗೌಡ ಎಂಬ ಹೆಸರು ಕಂಡರೆ ಹಿಂದೆ ಮುಂದೆ ಏನು ಬರೆದಿದೆ ಎಂದು ಬಿಡದೆ ನೋಡಿ.