ಅಣುಶಕ್ತಿ ಹಡಗು ಮಂಜುಗಡ್ಡೆಯನ್ನು ಕರಗಿಸುತ್ತದೆಯೇ? ಹತ್ತಿರ ಹೋದರೆ ಮಕ್ಕಳಾಗುವುದಿಲ್ಲವೇ? ಮುರ್ಮಾನ್ಸ್ಕ್ ಫಾರ್ವರ್ಡ್‌ನ ಸತ್ಯಾಸತ್ಯತೆ

ಕಪ್ಪು-ಕೆಂಪು ಬಣ್ಣದ ದೊಡ್ಡ ಹಡಗೊಂದು ಹೆಪ್ಪುಗಟ್ಟಿದ ಸಮುದ್ರವನ್ನು ಸೀಳಿಕೊಂಡು ಬರುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಹಡಗಿನ ಮೂತಿಯ ಮೇಲೆ ಶಾರ್ಕ್ ಮೀನಿನ ಹಲ್ಲು ಬಿಡಿಸಿದ್ದಾರೆ. ಜೊತೆಗೆ ಕನ್ನಡದಲ್ಲಿ ಒಂದಷ್ಟು ಸಾಲು: ಇದು ರಷ್ಯಾದ ಅಣುಬಾಂಬ್ ಹಡಗು, ರಿಯಾಕ್ಟರ್‌ನ ಬಿಸಿಯಿಂದ ಮಂಜನ್ನು ಕರಗಿಸಿಕೊಂಡು ಹೋಗುತ್ತದೆ, ಐವತ್ತು ವರ್ಷ ಇಂಧನ ಬೇಡ, ಇದು ನಿಲ್ಲುವ ಊರಲ್ಲಿ ಆರು ತಿಂಗಳು ಕತ್ತಲೆ, ಹತ್ತಿರ ಹೋದವರಿಗೆ ಮಕ್ಕಳಾಗುವುದಿಲ್ಲ, ಎಲ್ಲರಿಗೂ ಶೇರ್ ಮಾಡಿ.

ಕುಣಿಗಲ್‌ನ ಓದುಗರೊಬ್ಬರು ಇದನ್ನು ನಮಗೆ ಕಳಿಸಿ ನಿಜವೇ ಎಂದು ಕೇಳಿದ್ದಾರೆ. ಅವರು ಕೇಳಲು ಕಾರಣವಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಮತ್ತು ಅಳಿಯ ಈ ಚಳಿಗಾಲದಲ್ಲಿ ನಾರ್ದರ್ನ್ ಲೈಟ್ಸ್ ನೋಡಲು ಮುರ್ಮಾನ್ಸ್ಕ್ ಎಂಬ ಊರಿಗೆ ಹೊರಟಿದ್ದಾರೆ. ಅಲ್ಲಿನ ಹಳೆಯ ಅಣುಶಕ್ತಿ ಹಡಗನ್ನು ನೋಡುವುದೂ ಪ್ಯಾಕೇಜ್‌ನಲ್ಲಿದೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಫ್ಯಾಮಿಲಿ ಗ್ರೂಪ್‌ಗೆ ಈ ಫಾರ್ವರ್ಡ್ ಬಂದ ಮೇಲೆ ಮನೆಯ ಹಿರಿಯರು ಹೋಗುವುದೇ ಬೇಡ ಎನ್ನುತ್ತಿದ್ದಾರಂತೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹಡಗು ನಿಜ, ಅಣುಶಕ್ತಿಯೂ ನಿಜ. ಕರಗಿಸುವುದು, ಐವತ್ತು ವರ್ಷ, ಆರು ತಿಂಗಳ ಕತ್ತಲೆ, ಮಕ್ಕಳಾಗದಿರುವುದು, ಈ ನಾಲ್ಕೂ ಸುಳ್ಳು. ಆ ಊರಿಗೆ ಹೋಗುವವರು ಯೋಚಿಸಬೇಕಾದ ಅಪಾಯ ಬೇರೆಯೇ ಇದೆ. ಫಾರ್ವರ್ಡ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ಮಂಜನ್ನು ಕರಗಿಸುವುದಿಲ್ಲ, ಅದರ ಮೇಲೆ ಹತ್ತಿ ಕೂರುತ್ತದೆ

ಕೆರೆ ಒಣಗುವ ಕಾಲದಲ್ಲಿ ಅಂಗಳಕ್ಕೆ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಕೆಸರು ಒಣಗಿ ಹಪ್ಪಳದಂತೆ ಗಟ್ಟಿಯಾಗಿರುತ್ತದೆ, ಕೆಳಗೆ ಇನ್ನೂ ಹಸಿ. ಅದನ್ನು ಪಕ್ಕದಿಂದ ಕೈಯಲ್ಲಿ ತಳ್ಳಿ ಒಡೆಯುವುದು ಕಷ್ಟ. ಮೇಲೆ ಕಾಲಿಟ್ಟು ಭಾರ ಬಿಟ್ಟರೆ ತಾನೇ ಮುರಿಯುತ್ತದೆ. ಐಸ್‌ಬ್ರೇಕರ್, ಅಂದರೆ ಮಂಜುಗಡ್ಡೆ ಒಡೆಯುವ ಹಡಗು, ಮಾಡುವುದೂ ಇದನ್ನೇ.

ಸಾಮಾನ್ಯ ಹಡಗಿನ ಮೂತಿ ನೀರನ್ನು ಕತ್ತರಿಸುವಂತೆ ಚೂಪಾಗಿರುತ್ತದೆ. ಐಸ್‌ಬ್ರೇಕರ್‌ನ ಮೂತಿ ಕೆಳಗಿನಿಂದ ಮೇಲಕ್ಕೆ ಇಳಿಜಾರಾಗಿರುತ್ತದೆ. ಹಿಂದಿನ ಪ್ರೊಪೆಲ್ಲರ್‌ಗಳು ತಳ್ಳಿದಾಗ ಮೂತಿ ಮಂಜುಗಡ್ಡೆಯ ಮೇಲಕ್ಕೆ ಜಾರಿ ಹತ್ತುತ್ತದೆ, ಹಡಗಿನ ಭಾರಕ್ಕೆ ಗಡ್ಡೆ ಬಗ್ಗಿ ಮುರಿಯುತ್ತದೆ. ಮುರಿದ ತುಂಡುಗಳು ಪಕ್ಕಕ್ಕೆ ಸರಿಯುತ್ತವೆ. ಮತ್ತೆ ಹತ್ತುತ್ತದೆ, ಮತ್ತೆ ಮುರಿಯುತ್ತದೆ. 2020ರಲ್ಲಿ ಸೇವೆಗೆ ಬಂದ ‘ಆರ್ಕ್‌ತಿಕಾ’ ಎಂಬ ಹಡಗಿನ ಉದ್ದ 173 ಮೀಟರ್, ಅಗಲ 34 ಮೀಟರ್, ತೂಕ 33,000 ಟನ್‌ಗೂ ಹೆಚ್ಚು. ಸುಮಾರು 3 ಮೀಟರ್ ದಪ್ಪದ ಮಂಜುಗಡ್ಡೆಯನ್ನು ಇದು ಒಡೆಯಬಲ್ಲದು. ಮಂಜಿನ ಉಜ್ಜಾಟ ಕಡಿಮೆಯಾಗಲೆಂದು ಕೆಲವು ಹಡಗುಗಳು ತಳದ ಪಕ್ಕದಿಂದ ಗಾಳಿಯ ಗುಳ್ಳೆಗಳನ್ನು ಬಿಡುತ್ತವೆ. ವಿಡಿಯೊದಲ್ಲಿ ಹಡಗಿನ ಪಕ್ಕದಲ್ಲಿ ನೀರು ಕುದಿಯುವಂತೆ ಕಂಡರೆ ಅದು ಇದೇ ಇರಬಹುದು. ‘ಬಿಸಿಯಿಂದ ಕರಗಿಸುತ್ತದೆ’ ಎಂಬ ಕಲ್ಪನೆ ಹುಟ್ಟಿದ್ದೂ ಇದರಿಂದಲೇ ಎಂಬುದು ನಮ್ಮ ಅನುಮಾನ.

ಹಾಗಾದರೆ ರಿಯಾಕ್ಟರ್ ಯಾಕೆ ಬೇಕು?

ಶಕ್ತಿಗಾಗಿ. ರಿಯಾಕ್ಟರ್‌ನ ಶಾಖದಿಂದ ಹಬೆ, ಹಬೆಯಿಂದ ಟರ್ಬೈನ್, ಟರ್ಬೈನ್‌ನಿಂದ ವಿದ್ಯುತ್, ವಿದ್ಯುತ್ತಿನಿಂದ ಪ್ರೊಪೆಲ್ಲರ್ ತಿರುಗಿಸುವ ಮೋಟಾರು. ನಮ್ಮ ಉತ್ತರ ಕನ್ನಡದ ಕೈಗಾದಲ್ಲೂ ವಿದ್ಯುತ್ ತಯಾರಾಗುವ ತತ್ವ ಇದೇ. ಕೈಗಾದ ಒಂದೊಂದು ಘಟಕ 220 ಮೆಗಾವಾಟ್ ವಿದ್ಯುತ್ ಕೊಡುತ್ತದೆ. ‘ಆರ್ಕ್‌ತಿಕಾ’ದ ಪ್ರೊಪೆಲ್ಲರ್‌ಗಳಿಗೆ ಸಿಗುವುದು ಒಟ್ಟು 60 ಮೆಗಾವಾಟ್.

ಅಷ್ಟು ಶಕ್ತಿಯನ್ನು ಡೀಸೆಲ್‌ನಿಂದಲೇ ಪಡೆಯಬೇಕೆಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆವು. ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡಿದರೆ ದಿನಕ್ಕೆ ಸುಮಾರು 250 ಟನ್. ಕುಣಿಗಲ್ ಬೈಪಾಸ್‌ನಲ್ಲಿ ಕಾಣುವಂಥ ಟ್ಯಾಂಕರ್ ಲಾರಿಗಳಾದರೆ ಹದಿನೈದರ ಹತ್ತಿರ. ಅದೂ ಪ್ರತಿದಿನ. ಬಂಕ್ ಇರಲಿ, ಜನವಸತಿಯೇ ಇಲ್ಲದ ಸಮುದ್ರದಲ್ಲಿ ಅಷ್ಟು ಡೀಸೆಲ್ ತುಂಬಿಸುವವರು ಯಾರು? ಯುರೇನಿಯಂ ಆದರೆ, ಒಂದು ಮೆಗಾವಾಟ್ ಶಾಖವನ್ನು ಇಡೀ ದಿನ ಕೊಡಲು ಸುಮಾರು ಒಂದು ಗ್ರಾಂ ಯುರೇನಿಯಂ-235 ವಿದಳನವಾದರೆ ಸಾಕು. ಹಡಗಿನ ಎರಡು ರಿಯಾಕ್ಟರ್‌ಗಳ ಶಾಖ ಸೇರಿ 350 ಮೆಗಾವಾಟ್. ಅಂದರೆ ದಿನಕ್ಕೆ ಅರ್ಧ ಕಿಲೋ ಒಳಗೇ ಎಲ್ಲ ಮುಗಿಯುತ್ತದೆ.

ಹಾಗೆಂದು ಐವತ್ತು ವರ್ಷ ಬರುವುದಿಲ್ಲ. ಈ ಹೊಸ ಹಡಗುಗಳಿಗೆ ಏಳು ವರ್ಷದ ಹತ್ತಿರ ಒಮ್ಮೆ ಇಂಧನ ಬದಲಿಸಬೇಕು. ಸಿಬ್ಬಂದಿಯ ಊಟದ ದಾಸ್ತಾನು ಇರುವುದು ಆರು ತಿಂಗಳಿಗೆ. ಯುರೇನಿಯಂ ಖಾಲಿಯಾಗುವ ಮೊದಲು ಅಡುಗೆಮನೆ ಖಾಲಿಯಾಗುತ್ತದೆ!

‘ಅಣುಬಾಂಬ್ ಹಡಗು’ ಎಂಬ ಮಾತಿಗೂ ಅರ್ಥವಿಲ್ಲ. ಬಾಂಬ್‌ಗೆ ಬಳಸುವ ಯುರೇನಿಯಂನಲ್ಲಿ 235ನೇ ಬಗೆಯ ಪಾಲು ಶೇ. 90ರ ಆಸುಪಾಸು ಇರುತ್ತದೆ. ಈ ಹೊಸ ರಿಯಾಕ್ಟರ್‌ಗಳಲ್ಲಿ ಅದು ಶೇ. 20ಕ್ಕಿಂತ ಕಡಿಮೆ. ರಿಯಾಕ್ಟರ್ ಕೆಡಬಹುದು, ಒಳಗಿನ ಇಂಧನ ಕರಗಬಹುದು, ಸೋರಬಹುದು. ಬಾಂಬಿನಂತೆ ಸಿಡಿಯಲಾರದು.

2025ರ ಹೊತ್ತಿಗೆ ಇಂಥ ಎಂಟು ಹಡಗುಗಳು ಸೇವೆಯಲ್ಲಿದ್ದವು, ಎಂಟೂ ರಷ್ಯಾದವು. ಬೇರೆ ಯಾವ ದೇಶದ ಬಳಿಯೂ ಅಣುಶಕ್ತಿಯ ಐಸ್‌ಬ್ರೇಕರ್ ಇಲ್ಲ. ಭಾರತದ ಬಳಿ ಇರುವುದು ‘ಅರಿಹಂತ್’, ‘ಅರಿಘಾತ್’ನಂಥ ಅಣುಶಕ್ತಿ ಜಲಾಂತರ್ಗಾಮಿಗಳು. ಅವುಗಳ ಕೆಲಸವೇ ಬೇರೆ.

ಮುರ್ಮಾನ್ಸ್ಕ್: ಮಂಜು ಒಡೆಯುವ ಹಡಗುಗಳಿಗೆ ಮಂಜು ಕಟ್ಟದ ಬಂದರು

ವಿಡಿಯೊ ನೋಡಿದವರು ಹಡಗು ನಿಲ್ಲುವ ಊರೂ ಹೆಪ್ಪುಗಟ್ಟಿರುತ್ತದೆ ಎಂದುಕೊಳ್ಳುತ್ತಾರೆ. ವಾಸ್ತವ ತಮಾಷೆಯಾಗಿದೆ. ಮುರ್ಮಾನ್ಸ್ಕ್ ಇರುವುದು ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕೆ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ. ಕುಣಿಗಲ್ 13 ಡಿಗ್ರಿಯಲ್ಲಿದೆ. ಆದರೂ ಅಲ್ಲಿನ ಬಂದರು ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್ ಸಾಗರದಿಂದ ಹರಿದು ಬರುವ ಬೆಚ್ಚನೆಯ ಪ್ರವಾಹ ನಾರ್ವೆಯ ತಲೆಯನ್ನು ಸುತ್ತಿ ಇಲ್ಲಿಯವರೆಗೂ ತಲುಪುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 10 ಡಿಗ್ರಿ ಆಸುಪಾಸು. ಚಳಿ ಹೌದು, ಆದರೆ ಅದೇ ಅಕ್ಷಾಂಶದ ಸೈಬೀರಿಯಾದ ಮುಂದೆ ಇದು ಏನೂ ಅಲ್ಲ.

ಊರು ಹುಟ್ಟಿದ್ದೇ ಈ ಕಾರಣಕ್ಕೆ. ಮೊದಲ ಮಹಾಯುದ್ಧದ ನಡುವೆ ರಷ್ಯಾಕ್ಕೆ ವರ್ಷವಿಡೀ ತೆರೆದಿರುವ ಬಂದರು ಬೇಕಿತ್ತು. 1916ರಲ್ಲಿ ರೈಲು ಹಳಿ ಎಳೆದು ಊರು ಕಟ್ಟಿದರು. ಇಂದು ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನರಿದ್ದಾರೆ. ಆರ್ಕ್ಟಿಕ್ ವೃತ್ತದ ಆಚೆಗಿನ ಅತಿ ದೊಡ್ಡ ನಗರ ಇದೇ. ಐಸ್‌ಬ್ರೇಕರ್‌ಗಳು ಇಲ್ಲಿಂದ ಹೊರಟು ಪೂರ್ವದ ಹೆಪ್ಪುಗಟ್ಟುವ ಸಮುದ್ರಗಳಲ್ಲಿ ಸರಕು ಹಡಗುಗಳಿಗೆ ದಾರಿ ಮಾಡಿಕೊಡುತ್ತವೆ.

ಆರು ತಿಂಗಳ ಕತ್ತಲೆಯ ವಿಷಯ. ಅದು ಸರಿಯಾಗಿ ಉತ್ತರ ಧ್ರುವದ ಬಿಂದುವಿಗೆ ಹೊಂದುವ ಮಾತು. ಮುರ್ಮಾನ್ಸ್ಕ್‌ನಲ್ಲಿ ಸೂರ್ಯ ಮೂಡದಿರುವುದು ಡಿಸೆಂಬರ್ ಮೊದಲ ದಿನಗಳಿಂದ ಜನವರಿ ಎರಡನೇ ವಾರದವರೆಗೆ, ಸುಮಾರು 40 ದಿನ. ಆಗಲೂ ಮಧ್ಯಾಹ್ನ ಒಂದೆರಡು ಗಂಟೆ ನಮ್ಮ ಮುಸ್ಸಂಜೆಯಂಥ ಬೆಳಕಿರುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ ಕಾಣುವ ಕುಣಿಗಲ್‌ನವರಿಗೆ ಇದನ್ನು ನಂಬುವುದು ಕಷ್ಟವೇ.

ಮಕ್ಕಳಾಗುವುದಿಲ್ಲ ಎಂಬ ಹೆದರಿಕೆ

ವಿಕಿರಣದಿಂದ ಸಂತಾನಶಕ್ತಿಗೆ ಹಾನಿ ಆಗಬಹುದು ಎಂಬುದು ನಿಜ. ಪ್ರಶ್ನೆ ಎಷ್ಟು ವಿಕಿರಣ ಎಂಬುದು. ಗಂಡಸರಲ್ಲಿ ಶಾಶ್ವತ ಬಂಜೆತನ ಬರಲು ವೃಷಣಗಳಿಗೆ ಒಮ್ಮೆಗೇ ಸುಮಾರು 6,000 ಮಿಲಿಗ್ರೇ ತಗುಲಬೇಕು. ಹೆಂಗಸರಲ್ಲಿ ಅಂಡಾಶಯಕ್ಕೆ ಅದರ ಅರ್ಧದಷ್ಟು, ವಯಸ್ಸಿಗೆ ತಕ್ಕಂತೆ ಹೆಚ್ಚುಕಡಿಮೆ. ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಚಿಕಿತ್ಸೆಯ ಮಟ್ಟದ ಅಂಕಿಗಳಿವು. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಾವೆಲ್ಲರೂ ವರ್ಷಕ್ಕೆ ಪಡೆಯುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. (ಇಂಥ ವಿಕಿರಣದ ಲೆಕ್ಕದಲ್ಲಿ ಒಂದು ಮಿಲಿಗ್ರೇ ಅಂದರೆ ಒಂದು ಮಿಲಿಸೀವರ್ಟ್ ಎಂದುಕೊಂಡರೆ ಸಾಕು.) ಎರಡರ ನಡುವಿನ ಅಂತರ ಸಾವಿರಾರು ಪಟ್ಟು.

ಪ್ಯಾಕೇಜ್‌ನಲ್ಲಿ ತೋರಿಸುವ ಹಡಗು ‘ಲೆನಿನ್’. 1959ರಲ್ಲಿ ಸೇವೆಗೆ ಬಂದ ಇದು ಜಗತ್ತಿನ ಮೊದಲ ಅಣುಶಕ್ತಿ ಐಸ್‌ಬ್ರೇಕರ್. 1989ರಲ್ಲಿ ನಿವೃತ್ತಿಯಾಯಿತು, 2009ರಿಂದ ಮುರ್ಮಾನ್ಸ್ಕ್ ದಡದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಅದರ ಅಣು ಇಂಧನವನ್ನು ಎಂದೋ ತೆಗೆದಾಗಿದೆ. ಗೈಡ್ ಜೊತೆ ಒಳಗೆ ಹೋದವರು ಮರದ ಹಲಗೆ ಹೊದಿಸಿದ ಕೋಣೆಗಳು, ನಿಯಂತ್ರಣ ಕೊಠಡಿ ನೋಡಿ, ರಿಯಾಕ್ಟರ್ ವಿಭಾಗವನ್ನು ಗಾಜಿನ ಕಿಟಕಿಯಿಂದ ಇಣುಕುತ್ತಾರೆ. ಈ ಪ್ರವಾಸದಲ್ಲಿ ದಂಪತಿಗೆ ಲೆಕ್ಕಕ್ಕೆ ಸಿಗುವಷ್ಟು ವಿಕಿರಣ ತಗುಲುವುದು ವಿಮಾನದಲ್ಲಿ. ಎತ್ತರದಲ್ಲಿ ಹಾರುವಾಗ ಕಾಸ್ಮಿಕ್ ಕಿರಣಗಳು ಹೆಚ್ಚು. ಅದೂ ಎದೆಯ ಒಂದು ಎಕ್ಸ್-ರೇಯ ಆಸುಪಾಸು ಅಷ್ಟೇ.

ಸೇವೆಯಲ್ಲಿರುವ ಹಡಗುಗಳು ನಿಲ್ಲುವ ನೆಲೆ ಊರಿನ ಹೊರಗಿದೆ, ಪ್ರವಾಸಿಗರನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಅವುಗಳಲ್ಲೊಂದು ಮಾತ್ರ ಬೇಸಿಗೆಯಲ್ಲಿ ಪ್ರವಾಸಿಗರನ್ನು ಉತ್ತರ ಧ್ರುವಕ್ಕೇ ಕರೆದೊಯ್ಯುತ್ತದೆ. ಟಿಕೆಟ್ ಇಪ್ಪತ್ತು ಲಕ್ಷ ರೂಪಾಯಿ ದಾಟುವುದರಿಂದ ಆ ಚಿಂತೆ ನಮಗೆ ಬೇಡ. ಅಂದಹಾಗೆ, ವಿಡಿಯೊದಲ್ಲಿ ಶಾರ್ಕ್ ಹಲ್ಲು ಬಿಟ್ಟುಕೊಂಡು ಹೆದರಿಸುವ ಹಡಗಿನ ಹೆಸರು ‘ಯಮಾಲ್’. ಆ ಚಿತ್ರವನ್ನು 1994ರಲ್ಲಿ ಬಿಡಿಸಿದ್ದು ಮಕ್ಕಳ ಪ್ರವಾಸವೊಂದಕ್ಕಾಗಿ.

ಹಾಗಾದರೆ ಇವು ಪೂರ್ತಿ ನಿರಪಾಯವೇ?

ಅಲ್ಲ. ‘ಎಲ್ಲ ಸುಳ್ಳು, ಏನೂ ಆಗಿಲ್ಲ’ ಎಂದು ಬರೆದರೆ ನಾವೂ ಇನ್ನೊಂದು ಫಾರ್ವರ್ಡ್ ಬರೆದಂತೆಯೇ. ‘ಲೆನಿನ್’ನಲ್ಲೇ ಎರಡು ಅವಘಡಗಳಾಗಿವೆ. 1965ರಲ್ಲಿ ಇಂಧನ ಬದಲಿಸುವಾಗ ಒಂದು ರಿಯಾಕ್ಟರ್‌ನಲ್ಲಿ ತಂಪು ಮಾಡುವ ನೀರಿಲ್ಲದೆ ಇಂಧನ ಹಾಳಾಯಿತು. 1967ರಲ್ಲಿ ಮತ್ತೊಂದು ಸೋರಿಕೆ. ಕೊನೆಗೆ ಮೂರು ರಿಯಾಕ್ಟರ್‌ಗಳಿದ್ದ ಇಡೀ ವಿಭಾಗವನ್ನೇ ಕತ್ತರಿಸಿ ತೆಗೆದು, ನೊವಾಯಾ ಝೆಮ್ಲ್ಯಾ ದ್ವೀಪದ ಬಳಿ ಸಮುದ್ರಕ್ಕೆ ಮುಳುಗಿಸಿದರು. ಇಂದು ಪ್ರವಾಸಿಗರು ನೋಡುವುದು 1970ರ ವೇಳೆಗೆ ಅದರ ಜಾಗದಲ್ಲಿ ಕೂರಿಸಿದ ಎರಡು ರಿಯಾಕ್ಟರ್‌ಗಳ ವಿಭಾಗ. ಹಾಳಾದ ಇಂಧನವನ್ನು ತುಂಬಿಕೊಂಡಿದ್ದ ‘ಲೆಪ್ಸೆ’ ಎಂಬ ಇನ್ನೊಂದು ಹಡಗು 2012ರವರೆಗೂ ಮುರ್ಮಾನ್ಸ್ಕ್ ನೆಲೆಯಲ್ಲೇ ನಿಂತಿತ್ತು. ಅದನ್ನು ಬಿಚ್ಚಿ ಶುಚಿ ಮಾಡಲು ಯುರೋಪಿನ ದೇಶಗಳು ಹಣ ಕೊಟ್ಟವು. 2011ರಲ್ಲಿ ‘ತೈಮಿರ್’ ಹಡಗು ತಂಪು ನೀರಿನ ಸೋರಿಕೆಯಿಂದಾಗಿ ಅರ್ಧಕ್ಕೇ ಮರಳಬೇಕಾಯಿತು.

ಇವು ಸಮುದ್ರಕ್ಕೂ ಮೀನಿಗೂ ಅಲ್ಲಿ ದುಡಿದವರಿಗೂ ಸಂಬಂಧಿಸಿದ ಗಂಭೀರ ವಿಷಯಗಳು. ಮ್ಯೂಸಿಯಂನಲ್ಲಿ ಒಂದು ಗಂಟೆ ಓಡಾಡಿ ಬರುವವರ ಆರೋಗ್ಯದ ಪ್ರಶ್ನೆ ಬೇರೆ. ಅದಕ್ಕೆ ರಷ್ಯಾ ಹೇಳಿದ್ದನ್ನಷ್ಟೇ ನಂಬಬೇಕಿಲ್ಲ: ಪಕ್ಕದ ನಾರ್ವೆ ತನ್ನ ಗಡಿಯಲ್ಲಿ ಸ್ವಂತ ಉಪಕರಣ ಇಟ್ಟುಕೊಂಡು ಗಾಳಿಯಲ್ಲಿನ ವಿಕಿರಣವನ್ನು ಅಳೆಯುತ್ತಲೇ ಇರುತ್ತದೆ.

ಹೊರಡುವ ಮೊದಲು ವಿಚಾರಿಸಬೇಕಾದ್ದು

ನಮ್ಮ ಅಭಿಪ್ರಾಯ ಕೇಳಿದರೆ, ಆ ಹಿರಿಯರು ಹೆದರಬೇಕಿದ್ದರೆ ಹಡಗಿಗಲ್ಲ, ಯುದ್ಧಕ್ಕೆ. ಮುರ್ಮಾನ್ಸ್ಕ್ ಪ್ರಾಂತ್ಯ ರಷ್ಯಾದ ಸೇನೆಗೆ ಮುಖ್ಯವಾದ ಜಾಗ. 2025ರ ಜೂನ್ 1ರಂದು ಅಲ್ಲಿನ ಒಲೆನ್ಯಾ ವಾಯುನೆಲೆಯ ಮೇಲೆ ಉಕ್ರೇನಿನ ಡ್ರೋನ್ ದಾಳಿ ನಡೆಯಿತು. ಡ್ರೋನ್ ಭಯವಿದ್ದಾಗ ರಷ್ಯಾದ ವಿಮಾನ ನಿಲ್ದಾಣಗಳು ದಿಢೀರನೆ ಮುಚ್ಚುತ್ತವೆ. ಆದ್ದರಿಂದ ಟಿಕೆಟ್ ಮಾಡುವ ಮೊದಲೂ ಹೊರಡುವ ವಾರವೂ ವಿದೇಶಾಂಗ ಸಚಿವಾಲಯ ಮತ್ತು ಮಾಸ್ಕೋದ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ನೋಡಿ. ಯುದ್ಧನೌಕೆ, ಸೈನಿಕರು ಕಂಡರೆ ಫೋನ್ ಜೇಬಿನಲ್ಲೇ ಇರಲಿ. ಸಮೀಪದ ನೌಕಾಪಡೆಯ ಊರುಗಳಿಗೆ ವಿದೇಶಿಯರಿಗೆ ಪ್ರವೇಶವಿಲ್ಲ. ಇಲ್ಲಿನ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುತ್ತಿಲ್ಲ, ನಗದು ಇಟ್ಟುಕೊಳ್ಳಬೇಕು. ಪ್ರವೇಶಕ್ಕೆ ಬೇಕಾದ ಇ-ವೀಸಾ 2023ರ ಆಗಸ್ಟ್‌ನಿಂದ ಭಾರತೀಯರಿಗೆ ಸಿಗುತ್ತಿದೆ. ಇಷ್ಟೆಲ್ಲ ಮಾಡಿ ಹೋದರೂ ಮೋಡವಿದ್ದರೆ ನಾರ್ದರ್ನ್ ಲೈಟ್ಸ್ ಕಾಣುವುದಿಲ್ಲ. ‘ಗ್ಯಾರಂಟಿ’ ಎನ್ನುವ ಏಜೆಂಟರನ್ನು ನಂಬಬೇಡಿ.

ಇದೇ ಹಡಗಿನ ಫೋಟೊ ಹಾಕಿ ‘ರಷ್ಯಾದಲ್ಲಿ ಕೆಲಸ, ಟೂರಿಸ್ಟ್ ವೀಸಾ ಸಾಕು’ ಎಂಬ ಸಂದೇಶ ಬಂದರೆ ಮಾತ್ರ ಯಾರಿಗೂ ಕಳಿಸಬೇಡಿ. ಸೆಕ್ಯುರಿಟಿ ಕೆಲಸವೆಂದು ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದಿದ್ದು 2024ರ ಆರಂಭದಲ್ಲಿ ಸುದ್ದಿಯಾಯಿತು. ಅವರು ಊರಿಗೆ ಮರಳಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಹಾಗೆಯೇ ಹೋದ ಬೇರೆ ರಾಜ್ಯಗಳ ಕೆಲವರು ಜೀವಂತವಾಗಿ ಮರಳಲಿಲ್ಲ. ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಪರಿಶೀಲಿಸಬಹುದು, ಹಣ ಕೊಡಬೇಕಿಲ್ಲ.