ದತ್ತಕ ಮಗ (ಅಪ್ಪನ ಮಾತು, ಕಂತು 14)

ಹೋದ ಕಂತಿನಾಗ ಹೊಲ ಪಾಲು ಮಾಡೋ ವಿಷಯ ಬರೆದಿದ್ದೆ. "ಕಾಕಾ, ಮಗ ಹೊಲದ ಕಡೆ ಬರೂದಿಲ್ಲ ಅಂದ್ರ ಏನ್ ಮಾಡ್ತೀರಿ?" ಅಂತ ಬಹಳ ಮಂದಿ ಕೇಳಿದ್ರಿ. ನನ್ನ ಮಗ ಪುಣೆದಾಗ ಕೆಲಸಕ್ಕ ಇದ್ದಾನ, ಬರೂದಿಲ್ಲ ಅಂತ ಹೇಳಿಯೂ ಆಗೇತಿ. ಸಿಟ್ಟು ಬಂದಿತ್ತು, ಸುಳ್ಳು ಹೇಳೂದಿಲ್ಲ. ಆದರ "ನನ್ನ ನಂತರ ಯಾರು?" ಅನ್ನೋ ಪ್ರಶ್ನೆ ನನಗಷ್ಟೇ ಬಂದದ್ದಲ್ಲ. ನಮ್ಮ ಸುತ್ತಲಿನ ನಾಲ್ಕು ತಾಲೂಕಿನ ಇತಿಹಾಸ ತೆಗೆದು ನೋಡಿದ್ರ ಇದೇ ಪ್ರಶ್ನೆಗೆ ಕೋಟೆ ಬಿದ್ದಾವ, ತಲೆ ಉರುಳ್ಯಾವ.

ಮೊದಲನೇ ಫೋಟೋ ನಮ್ಮ ಬೈಲಹೊಂಗಲದ್ದು, ರಾಣಿ ಚೆನ್ನಮ್ಮನ ಸಮಾಧಿ. ಚೆನ್ನಮ್ಮನ ಕಥೆ ನಿಮಗೆಲ್ಲಾ ಗೊತ್ತದ, ಕಪ್ಪದ ಮಾತು, ಕತ್ತಿ, ಕುದುರೆ. ನಾನು ಹೇಳಬೇಕಂತಿರೋದು ಅದರ ಹಿಂದಿನ ಮನೆತನದ ಮಾತು.

ಕಿತ್ತೂರಿನ ಮಲ್ಲಸರ್ಜ ದೇಸಾಯಿ ಪೇಶ್ವೆಯ ಸೆರೆಯಲ್ಲಿದ್ದು ಬಳಲಿ 1816ರಲ್ಲಿ ತೀರಿಕೊಂಡ. ಗಾದಿಗೆ ಬಂದವನು ಶಿವಲಿಂಗರುದ್ರಸರ್ಜ. ಇವನು ಚೆನ್ನಮ್ಮನ ಹೊಟ್ಟೆಯ ಮಗ ಅಲ್ಲ, ಹಿರಿಯ ರಾಣಿ ರುದ್ರಮ್ಮನ ಮಗ. ಅವನಿಗೆ ಮಕ್ಕಳಾಗಲಿಲ್ಲ, ಮೈಯಲ್ಲೂ ಆರಾಮ ಇರಲಿಲ್ಲ. ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನ ದತ್ತಕ ತಗೊಂಡು 1824ರ ಸಪ್ಟೆಂಬರಿನಲ್ಲಿ ತೀರಿಹೋದ. ದತ್ತಕದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೈಗೆ ಸಿಕ್ಕದ್ದು ದೇಸಾಯಿ ಸತ್ತ ಮೇಲೆ. ಸಹಿ ಖರೇನೋ ಖೊಟ್ಟಿಯೋ ಅಂತ ಅವನಿಗೆ ಸಂಶಯ ಬಂತು. ದತ್ತಕ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಆಗ ಡಾಲ್‌ಹೌಸಿ ಇನ್ನೂ ಬಂದೇ ಇಲ್ಲ, ಅವನು ಗವರ್ನರ್ ಜನರಲ್ ಆದದ್ದು 1848ರಲ್ಲಿ. ದತ್ತು ಮಗನಿಗೆ ಹಕ್ಕಿಲ್ಲ ಅನ್ನೋ ಆಟ ಅದಕ್ಕಿಂತ 24 ವರ್ಷ ಮೊದಲೇ ನಮ್ಮ ಕಿತ್ತೂರಿನ ಬಾಗಿಲಿಗೆ ಬಂದಿತ್ತು.

ಈಗ ಸಂಬಂಧ ಲೆಕ್ಕ ಹಾಕಿ ನೋಡ್ರಿ. ಸವತಿಯ ಮಗ, ಆ ಮಗನ ದತ್ತಕ ಮಗ. ಆ ಹುಡುಗನಿಗೂ ಚೆನ್ನಮ್ಮನಿಗೂ ರಕ್ತದ ಸಂಬಂಧ ಒಂದು ಹನಿ ಇಲ್ಲ. ಆದರೂ ಅವನ ಸಲುವಾಗಿ ಆಕೆ ಕೋಟೆಯ ಬಾಗಿಲು ಹಾಕಿಸಿದಳು. ಅಕ್ಟೋಬರ್ 23, 1824. ನಮ್ಮ ಕರಿ ಮಣ್ಣಿನಾಗ ಅದು ಹಿಂಗಾರಿ ಜೋಳ ಬಿತ್ತೋ ಹಂಗಾಮು. ಕೂರಿಗೆ ಹಿಡಿಯೋ ಕೈಯಾಗ ಎಷ್ಟು ಮಂದಿ ಅವತ್ತು ಬಂದೂಕು, ಭರ್ಚಿ ಹಿಡಿದಿರಬೇಕು! ಥ್ಯಾಕರೆ ಸತ್ತ. (ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಅಂತ ಓದಿರ್ತೀರಲ್ಲ, ಅವನಿಗೆ ಇವನು ಖಾಸಾ ಕಾಕಾ.) ಜೋಳ ಹೊಡೆ ಹಿರಿಯೋ ಡಿಸೆಂಬರಿನಲ್ಲಿ ದೊಡ್ಡ ಫೌಜು ಬಂದು ಕೋಟೆ ಬಿತ್ತು. ಚೆನ್ನಮ್ಮನನ್ನೂ ಸೊಸೆ ವೀರಮ್ಮನನ್ನೂ ಬೈಲಹೊಂಗಲದಾಗ ಸೆರೆ ಇಟ್ಟರು. ನಾಲ್ಕು ಸುಗ್ಗಿ ಆ ಗೋಡೆಯ ಒಳಗೇ ಕಳೆದು, 1829ರಲ್ಲಿ ಆಕೆಯ ಉಸಿರು ನಿಂತಿತು. ಮುಂದೆ ಸಂಗೊಳ್ಳಿ ರಾಯಣ್ಣ ದಂಡು ಕಟ್ಟಿದ್ದೂ ಅದೇ ಶಿವಲಿಂಗಪ್ಪನನ್ನ ಗಾದಿಗೆ ಕೂರಿಸಬೇಕು ಅಂತನ.

ನಮ್ಮ ಅಜ್ಜನೂ ದತ್ತಕ ಬಂದವರು. ಮನೆಯಾಗ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಆದರ ಮುತ್ತಜ್ಜಿ ಕಡೇತನಕ "ನನ್ನ ಮಗ" ಅಂತ ಅನ್ನುವಾಗ ಮಾತಿಗೆ ಒಂದಿಷ್ಟು ಒತ್ತು ಹೆಚ್ಚೇ ಕೊಡತಿದ್ದಳಂತ. ಹಡೆದವರಿಗೆ ಅಷ್ಟು ಒತ್ತಿ ಹೇಳೋ ಜರೂರಿ ಇರೂದಿಲ್ಲ.

ಮೂರನೇ ಫೋಟೋ ರಾಮದುರ್ಗ ತಾಲೂಕಿನ ಸುರೇಬಾನ. ಇಲ್ಲಿ ಕಥೆ ತಿರುವುಮುರುವು ಆಗತೈತಿ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ, ಮಗನಿಲ್ಲದವ. ದತ್ತಕಕ್ಕ ಪರವಾನಗಿ ಕೇಳಿದ್ರ ಕಂಪನಿ ಸರ್ಕಾರ ಕೊಡಲಿಲ್ಲ. 1858ರ ಮೇ ತಿಂಗಳು, ರೋಹಿಣಿ ಮಳೆಯ ದಾರಿ ಕಾಯೋ ದಿನ, ಅವನು ಎದ್ದು ನಿಂತ. ರಾಮದುರ್ಗದ ಸಂಸ್ಥಾನಿಕ ಅವನಿಗೆ ಮಲತಮ್ಮ, ಅದೇ ಭಾವೆ ಮನೆತನ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕ ಬಂದಾಗ ಆ ತಮ್ಮ ಅಣ್ಣನ ಗುಪ್ತ ಪತ್ರವನ್ನ ಅವನ ಕೈಗೆ ಇಟ್ಟ, "ನರಗುಂದಕ್ಕ ಹೋಗಬೇಡ್ರಿ" ಅಂತನೂ ಹೇಳಿದ. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ನರಗುಂದದವರು ಅವನನ್ನ ಕೊಂದರು, ತಲೆಯನ್ನ ನರಗುಂದದ ಅಗಸಿಗೆ ತೂಗು ಹಾಕಿದರು. ಎರಡು ವಾರದೊಳಗೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು. ತಾಯಿ, ಹೆಂಡತಿ ಮಲಪ್ರಭೆಯ ಪಾಲಾದರು. ರಾಮದುರ್ಗ ಸಂಸ್ಥಾನ ಮಾತ್ರ 1948ರ ತನಕ ಉಳೀತು.

ತಮ್ಮನನ್ನ ದ್ರೋಹಿ ಅನ್ನೂದು ಸಲೀಸು. ನಾನು ಅನ್ನೂದಿಲ್ಲ. ಅವನಿಗೂ ಮನೆ, ಮಂದಿ, ಊರು ಇತ್ತು, ಹೆದರಿದ. ನಮ್ಮಲ್ಲಿ ಒಂದು ಬದುವಿನ ಸಲುವಾಗಿ ಅಣ್ಣ ತಮ್ಮ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯೋದನ್ನ ನೋಡೀನಿ. ಅವರಿಗೆ ಕಂಪನಿ ಸರ್ಕಾರದ ಹೆದರಿಕೆಯೂ ಇಲ್ಲ.

ಸವದತ್ತಿ ಅಂದಕೂಡಲೇ ಯಲ್ಲಮ್ಮನ ಗುಡ್ಡದ ಫೋಟೋ ಹಾಕ್ತೀನಿ ಅಂದ್ಕೊಂಡಿರ್ತೀರಿ. ಗುಡ್ಡ ಭರತ ಹುಣ್ಣಿಮೆ ಕಂತಿಗೆ ಇರಲಿ. ಕಡೀ ಫೋಟೋ ಅದೇ ತಾಲೂಕಿನ ಸಿರಸಂಗಿ. ಶಿಗ್ಲಿ ಊರಿನ ರಾಮಪ್ಪ ಅನ್ನೋ ಹುಡುಗ, 1861ರಲ್ಲಿ ಹುಟ್ಟಿದವ, ಸಿರಸಂಗಿ ದೇಸಾಯಿ ಮನೆತನಕ್ಕ ದತ್ತಕ ಬಂದು ಲಿಂಗರಾಜ ಆದ. ಅಷ್ಟು ದೊಡ್ಡ ದೇಸಗತಿ ಕೈಗೆ ಬಂದರೂ ಅವನಿಗೂ ಮಕ್ಕಳು ಉಳಿಯಲಿಲ್ಲ. ಇನ್ನೊಬ್ಬ ಹುಡುಗನನ್ನ ತಂದು ವಾಡೆಯಲ್ಲಿ ಕೂರಿಸಬಹುದಿತ್ತು, ವಾಡಿಕೆ ಅದೇ ಇತ್ತು. ಬದಲಿಗೆ ಆಸ್ತಿಯನ್ನ ಲಿಂಗಾಯತ ಹುಡುಗರ ಓದಿಗೆ ಅಂತ ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ಕಣ್ಣು ಮುಚ್ಚಿದ. ತನ್ನ ಸಮಾಜಕ್ಕಷ್ಟೇ ಬರೆದ ಅಂತ ಇವತ್ತು ಯಾರಾದ್ರೂ ತಕರಾರು ಮಾಡಬಹುದು, ಆ ಮಾತಿನಾಗೂ ಅರ್ಥ ಅದ. ಆದರ ಊರಿನ ಶಾಲೆ ಮುಗಿದ ಮೇಲೆ ಮುಂದೆ ಓದಾಕ ರೊಕ್ಕ ಇಲ್ಲದೆ ಎತ್ತಿನ ಹಿಂದೆ ನಿಂತಿರತಿದ್ದ ಎಷ್ಟೋ ಹುಡುಗರು ಆ ಪತ್ರದಿಂದ ಧಾರವಾಡ, ಬೆಳಗಾವಿ, ಪುಣೆ ಕಂಡರು. ಒಕ್ಕಲಿಗನ ಮಗ ವಕೀಲ ಆದ, ಮಾಸ್ತರ ಆದ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಸುರು ಮಾಡಿದ ಲಿಂಗರಾಜ ಕಾಲೇಜಿನ ಹೆಸರು ಇವರದೇ.

ನಿಮ್ಮ ಮನೆತನದಾಗ ದತ್ತಕ ಬಂದ ಹಿರಿಯರು ಇದ್ರ ಯಾವ ಊರಿಂದ ಯಾವ ಊರಿಗೆ ಅಂತ ಕೆಳಗ ಬರೀರಿ.

#ಅಪ್ಪನಮಾತು #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ