ಮುಚ್ಚಳದ ಚರಿತ್ರೆ

ಬಂಟ್ವಾಳದ ಪೇಟೆಯಲ್ಲಿ ನನ್ನ ಸೋದರಮಾವನಿಗೆ ಒಂದು ಸಣ್ಣ ಜೀನಸಿನಂಗಡಿ ಇತ್ತು. ಶಾಲೆಗೆ ರಜೆ ಸಿಕ್ಕಿದಾಗಲೆಲ್ಲ ನಾನು ಅಲ್ಲಿ ಹೋಗಿ ಬಿದ್ದುಕೊಳ್ಳುತ್ತಿದ್ದೆ. ನನಗೆ ಒಪ್ಪಿಸುತ್ತಿದ್ದ ಕೆಲಸ ಒಂದೇ: ಗಿರಾಕಿಗಳು ತಂದ ಬಾಟ್ಲಿಗೆ ಚಿಮಿಣಿ ಎಣ್ಣೆ ಅಳೆದು ಹಾಕುವುದು. ಬಾಟ್ಲಿಯ ಕುತ್ತಿಗೆಯವರೆಗೆ ಎಣ್ಣೆ ಬಂದರೆ ಮಾವ ಕೂತಲ್ಲಿಂದಲೇ ಗದರುತ್ತಿದ್ದರು. "ಎರಡು ಬೆರಳು ಬಿಡು ಮಾರಾಯ! ಎಣ್ಣೆಗೂ ಉಸಿರಾಡಲಿಕ್ಕೆ ಜಾಗ ಬೇಕು." ಅವರು ಜಿಪುಣತನದಿಂದ ಹಾಗೆ ಹೇಳುತ್ತಾರೆಂದು ನಾನು ಬಹುಕಾಲ ತಿಳಿದಿದ್ದೆ. ಮುಂದೆ ನಾನೇ ವಿಜ್ಞಾನದ ಮೇಷ್ಟ್ರಾಗಿ ಮೂಡಬಿದ್ರೆಯಲ್ಲಿ ನೆಲೆಸಿದ ಮೇಲೆ ಆ ಎರಡು ಬೆರಳಿನ ಬೆಲೆ ಗೊತ್ತಾಯಿತು. ಅದೂ ಪುಸ್ತಕದಿಂದಲ್ಲ.

ಚಿಮಿಣಿ ಎಣ್ಣೆಯ ಡಬ್ಬವನ್ನು ಈಗಿನ ಮಕ್ಕಳು ನೋಡಿರಲಾರರು. ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರ್ ಹಿಡಿಯುವ ಚೌಕದ ತಗಡಿನ ಡಬ್ಬ. ಒಂದು ಮರದ ಪೆಟ್ಟಿಗೆಯಲ್ಲಿ ಇಂಥ ಎರಡು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೋಕದ ಬಂದರು ಬಂದರಿಗೂ ಎಣ್ಣೆ ಹೋದದ್ದು ಈ ವೇಷದಲ್ಲೇ. ಬಂಟ್ವಾಳ ಆಗ ನೇತ್ರಾವತಿಯ ದೊಡ್ಡ ವ್ಯಾಪಾರದ ಕಟ್ಟೆ. ಮಂಗಳೂರಿಂದ ದೋಣಿ ಏರಿ ಬಂದ ಸಾಮಾನು ಇಲ್ಲಿ ಇಳಿದು ಗಾಡಿಯಲ್ಲಿ ಘಟ್ಟದ ಕಡೆಗೆ ಹೋಗುತ್ತಿತ್ತು. ಎಣ್ಣೆ ಮುಗಿದ ಡಬ್ಬ ನೀರು ಹೊರುವುದಕ್ಕೆ, ಅಕ್ಕಿ ತುಂಬುವುದಕ್ಕೆ, ಕಡೆಗೆ ಬಿಡಿಸಿ ಕೊಟ್ಟಿಗೆಯ ಮಾಡಿಗೆ. ನಮ್ಮವರಿಗೆ ಸಾಮಾನು ಕಟ್ಟುವ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ಬೈಹುಲ್ಲಿನಲ್ಲಿ ಅಕ್ಕಿಯ ಮುಡಿ ಕಟ್ಟುವುದನ್ನು ಕಂಡವರು ಅದಕ್ಕಿಂತ ಅಂದದ ಕಟ್ಟು ಇನ್ನೊಂದಿದೆಯೆಂದು ಒಪ್ಪಲಿಕ್ಕಿಲ್ಲ. ಆದರೆ ಅಕ್ಕಿ ಸುಮ್ಮನೆ ಕೂತಿರುತ್ತದೆ. ದ್ರವದ ಗುಣ ಬೇರೆ. ಅದು ಸದಾ ದಾರಿ ಹುಡುಕುತ್ತಿರುತ್ತದೆ.

ನನಗೆ ಪಾಠವಾದದ್ದು ತೆಂಗಿನೆಣ್ಣೆಯಿಂದ. ತಂಗಿಯ ಮಗ ಗಲ್ಫಿಗೆ ಹೊರಟಿದ್ದ. ನಮ್ಮ ಬಜಪೆಯಲ್ಲಿ ವಿಮಾನ ನಿಲ್ದಾಣವೇನೋ 1951ರ ಡಿಸೆಂಬರ್ 25ರಂದೇ ಉದ್ಘಾಟನೆಯಾಗಿತ್ತು, ನೆಹರೂ ಅವರೇ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಆದರೆ ಅಲ್ಲಿಂದ ನೇರವಾಗಿ ದುಬೈಗೆ ಹಾರುವ ಭಾಗ್ಯ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ನಮ್ಮ ಹುಡುಗರು ಬೊಂಬಾಯಿಯ ಬಸ್ಸು ಹತ್ತಿ, ಅಲ್ಲಿ ಸಂಬಂಧಿಕರ ಖೋಲಿಯಲ್ಲಿ ಎರಡು ದಿನ ಮಲಗಿ, ಮತ್ತೆ ವಿಮಾನ ಏರಬೇಕಿತ್ತು. ಧನುರ್ಮಾಸದ ಚಳಿಯ ಒಂದು ಬೆಳಗ್ಗೆ ನಾನೇ ಮುಂದೆ ನಿಂತು ತಗಡಿನ ಡಬ್ಬಕ್ಕೆ ಮನೆಯ ಗಾಣದ ಎಣ್ಣೆ ತುಂಬಿಸಿದೆ. ಎಣ್ಣೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು. ಹುಡುಗನಿಗೆ ಹೆಚ್ಚು ಸಿಗಲಿ ಎಂದು ಚಮಚದಿಂದ ಒತ್ತಿ ಒತ್ತಿ ಬಾಯಿಯವರೆಗೆ ತುಂಬಿ, ಬೆಸುಗೆ ಹಾಕಿಸಿದೆ. ಎರಡು ಬೆರಳಲ್ಲ, ಒಂದು ಉಗುರಿನಷ್ಟೂ ಜಾಗ ಬಿಡಲಿಲ್ಲ. ತೆಂಗಿನೆಣ್ಣೆ ಕರಗಿದಾಗ ಹಿಗ್ಗುತ್ತದೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವನು ನಾನೇ! ಪೆಟ್ಟಿಗೆ ತೆರೆದಾಗ ಅಂಗಿ, ಪಂಚೆ, ಕೆಲಸಕ್ಕೆ ಬೇಕಾದ ಸರ್ಟಿಫಿಕೇಟುಗಳು ಎಲ್ಲ ಎಣ್ಣೆಯಲ್ಲಿ ಮಿಂದಿದ್ದವಂತೆ. ಹುಡುಗ ಪತ್ರದಲ್ಲಿ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

ಬಿಸಿಲಿನ ಜೊತೆ ಇನ್ನೊಬ್ಬ ಆರೋಪಿಯೂ ಇದ್ದ, ಎತ್ತರ. ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಚಿಪ್ಸಿನ ಪೊಟ್ಟಣ ಹಿಡಿದು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳ್ತಂಗಡಿಯಲ್ಲಿ ಸುಕ್ಕಾಗಿದ್ದ ಪೊಟ್ಟಣ ಕೊಟ್ಟಿಗೆಹಾರಕ್ಕೆ ಬರುವಾಗ ಉಬ್ಬಿ ಡೊಳ್ಳಾಗಿರುತ್ತದೆ. ಒಳಗಿನ ಗಾಳಿ ಹೆಚ್ಚಾದದ್ದಲ್ಲ, ಹೊರಗಿನಿಂದ ಅದನ್ನು ಒತ್ತುತ್ತಿದ್ದ ಗಾಳಿ ತೆಳುವಾದದ್ದು. ಇದನ್ನು ಮೊದಲು ಅಳೆದು ತೋರಿಸಿದ್ದು 1648ರ ಸೆಪ್ಟೆಂಬರ್ 19ರಂದು. ಫ್ರಾನ್ಸಿನ ಪಾಸ್ಕಲ್ ತನ್ನ ಭಾವ ಪೆರಿಯೇಯನ್ನು ಪಾದರಸದ ಕೊಳವೆಯ ಜೊತೆ ಪ್ಯುಯಿ ದ ಡೋಮ್ ಎಂಬ ಗುಡ್ಡಕ್ಕೆ ಹತ್ತಿಸಿದ. ತುದಿ ಮುಟ್ಟುವಾಗ ಪಾದರಸ ಮೂರು ಇಂಚಿನಷ್ಟು ಇಳಿದಿತ್ತು. ನಮ್ಮ ಕುದುರೆಮುಖ ಅದಕ್ಕಿಂತ ಎತ್ತರ, 1,894 ಮೀಟರ್. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನ ಕಡಲ ತಡಿಯಲ್ಲಿ ಇರುವುದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಒತ್ತಡ ಅಳೆಯುವ ಮಾನಕ್ಕೆ ಈಗ ಆ ಪಾಸ್ಕಲನದೇ ಹೆಸರು. ಪಾಪ, ಗುಡ್ಡ ಹತ್ತಿದ ಭಾವನನ್ನು ಯಾರು ನೆನೆಯುತ್ತಾರೆ?

ವಿಮಾನವೆಂದರೆ ಒಂದು ಗಂಟೆಯೊಳಗೆ ಐದಾರು ಕುದುರೆಮುಖ ಹತ್ತಿದ ಹಾಗೆ. ನಮ್ಮ ದೇಶದಲ್ಲಿ ವಿಮಾನ ಹೊತ್ತ ಮೊದಲ ಸರಕು ತೀರ ಸಾಧು ಸ್ವಭಾವದ್ದು. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ನೈನಿಗೆ ಯಮುನೆಯ ಮೇಲೆ ಹಾರಿದ ಸುಮಾರು 6,500 ಕಾಗದಗಳು. ಕಾಗದ ಸೋರುವುದಿಲ್ಲ. ಮಹಾಯುದ್ಧದ ನಂತರ ಬಣ್ಣ, ಆ್ಯಸಿಡ್, ಔಷಧಿ, ವಿಷ ಎಲ್ಲವೂ ಹಾರತೊಡಗಿದಾಗ ವಿಮಾನ ಕಂಪೆನಿಗಳಿಗೆ ಭಯ ಹುಟ್ಟಿತು. 1956ರಲ್ಲಿ ಅವರ ಸಂಘವಾದ ಐಯಾಟಾ ಯಾವುದನ್ನು ಹೇಗೆ ಕಟ್ಟಿ ಒಯ್ಯಬಹುದೆಂಬ ಮೊದಲ ನಿಯಮಾವಳಿಯನ್ನು ಅಚ್ಚು ಹಾಕಿತು.

ನಿಯಮವಿದ್ದರೆ ಸಾಕೇ? 1973ರ ನವೆಂಬರ್ 3ರಂದು ಪ್ಯಾನ್ ಆ್ಯಮ್ ಕಂಪೆನಿಯ ಸರಕು ವಿಮಾನವೊಂದು ನ್ಯೂಯಾರ್ಕಿನಿಂದ ಹೊರಟಿತ್ತು. ಒಳಗೆ ಸ್ಕಾಟ್ಲೆಂಡಿಗೆ ಹೋಗಬೇಕಾದ ನೈಟ್ರಿಕ್ ಆ್ಯಸಿಡಿನ ಗಾಜಿನ ಬಾಟ್ಲಿಗಳು. ಸುತ್ತ ಒತ್ತಿಗೆ ತುಂಬಿದ್ದು ಮರದ ಹುಡಿ. ನೈಟ್ರಿಕ್ ಆ್ಯಸಿಡಿಗೆ ಮರದ ಹುಡಿ ಸೋಕಿದರೆ ಬೆಂಕಿಕಡ್ಡಿಯೇ ಬೇಡ. ಆ್ಯಸಿಡ್ ಸೋರಿತು, ಹೊಗೆಯೆದ್ದಿತು, ಪೈಲಟರ ಕೋಣೆಯೆಲ್ಲ ಕತ್ತಲಾಯಿತು. ಬೋಸ್ಟನ್ನಿನಲ್ಲಿ ಇಳಿಸಲು ಹೋಗಿ ರನ್‌ವೇಯ ಹತ್ತಿರವೇ ನೆಲಕ್ಕಪ್ಪಳಿಸಿ ಮೂವರೂ ಸತ್ತರು. ಸರಿಯಾಗಿ ಕಟ್ಟಿರಲಿಲ್ಲ, ಸರಿಯಾಗಿ ಪೇರಿಸಿರಲಿಲ್ಲ ಎಂದು ತನಿಖೆ ಹೇಳಿತು. ಇಂಥ ಅನುಭವಗಳ ಮೇಲೆಯೇ ಲೋಕಕ್ಕೆಲ್ಲ ಒಂದೇ ಕಟ್ಟಳೆ ಬೇಕೆಂಬ ಒತ್ತಾಯ ಬಲವಾಯಿತು. 1981ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅಪಾಯಕಾರಿ ಸರಕಿಗೆಂದೇ ಒಂದು ಅನುಬಂಧವನ್ನು ಅಂಗೀಕರಿಸಿತು. 1984ರ ಜನವರಿಯಿಂದ ಅದು ಜಾರಿಗೆ ಬಂತು. ಭಾರತ ಇದಕ್ಕೆಂದು ಪ್ರತ್ಯೇಕ ನಿಯಮ ಮಾಡಿದ್ದು 2003ರಲ್ಲಿ.

ಆ ಕಟ್ಟಳೆಯಲ್ಲಿ ನನ್ನ ಮನಸ್ಸು ಸೆಳೆದ ಅಂಕಿ 95. ದ್ರವ ತುಂಬಿದ ಪಾತ್ರೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ 95 ಕಿಲೋಪಾಸ್ಕಲ್ ಹೆಚ್ಚಾದರೂ ಒಂದು ಹನಿ ಸೋರಬಾರದು; ತಾನೇ ಆವಿಯಾಗಿ ಒತ್ತುವ ದ್ರವವಾದರೆ ಅದಕ್ಕೂ ಹೆಚ್ಚು ತಾಳಬೇಕಾಗಬಹುದು. ಅಷ್ಟು ಉಗ್ರವಲ್ಲದ ಕೆಲವು ಉರಿಯುವ, ವಿಷದ ದ್ರವಗಳಿಗೆ ಮಾತ್ರ 75ಕ್ಕೆ ರಿಯಾಯಿತಿ. ಸಮುದ್ರಮಟ್ಟದಲ್ಲಿ ನಮ್ಮೆಲ್ಲರ ತಲೆಯ ಮೇಲಿರುವ ಗಾಳಿಯ ಒತ್ತಡವೇ 101. ಹಾಗಾಗಿ 95 ಎಂದರೆ ಬಾಟ್ಲಿಯನ್ನು ಹೆಚ್ಚು ಕಡಿಮೆ ಗಾಳಿಯೇ ಇಲ್ಲದ ಶೂನ್ಯದಲ್ಲಿ ಇಟ್ಟ ಹಾಗೆ. ಪ್ರಯಾಣಿಕರು ಕೂತಲ್ಲಿ ಒತ್ತಡ ಸುಮಾರು 75ಕ್ಕಿಂತ ಇಳಿಯದಂತೆ ಯಂತ್ರ ನೋಡಿಕೊಳ್ಳುತ್ತದೆ, ನಿಜ. ಆದರೆ 35,000 ಅಡಿಯಲ್ಲಿ ಆ ಯಂತ್ರ ಕೈಕೊಟ್ಟರೆ ಹೊರಗಿರುವುದು 24 ಮಾತ್ರ. ನಿಯಮ ಮಾಡಿದವರು ಆ ಕೆಟ್ಟ ಗಳಿಗೆಯನ್ನೂ ದಾಟಿ ಲೆಕ್ಕ ಹಾಕಿದ್ದಾರೆ. ಹತ್ತು ಸೆಂಟಿಮೀಟರ್ ಉದ್ದಗಲದ ಒಂದು ಮುಚ್ಚಳವಿದ್ದರೆ ಅದನ್ನು ಒಳಗಿನಿಂದ ತಳ್ಳುವ ಬಲ ಸುಮಾರು 97 ಕಿಲೋ ಭಾರದಷ್ಟು, ಅಂದರೆ ಎರಡು ಮುಡಿ ಅಕ್ಕಿಗೂ ಮಿಕ್ಕಿ. ಇನ್ನೊಂದು ಷರತ್ತೂ ಇದೆ: 55 ಡಿಗ್ರಿ ಸೆಕೆಯಲ್ಲೂ ದ್ರವ ಪಾತ್ರೆಯ ಬಾಯಿ ಮುಟ್ಟಬಾರದು. ಅದನ್ನು ಓದಿದಾಗ ನನಗೆ ಮಾವನ ಎರಡು ಬೆರಳು ಕಂಡವು.

ಈ ನಿಯಮದ ಪುಸ್ತಕದಲ್ಲಿ ರೋಗಾಣುಗಳ ಒಂದು ಪಟ್ಟಿಯಿದೆ. ಯುಎನ್ 2814 ಎಂಬ ಸಂಖ್ಯೆಯ ಕೆಳಗೆ ಎಬೋಲಾ, ಲಸ್ಸಾ, ಮಾರ್ಬರ್ಗ್ ಮುಂತಾದ ಘೋರ ಹೆಸರುಗಳು. ಅವುಗಳ ನಡುವೆ ಕ್ಯಾಸನೂರು ಕಾಡಿನ ಹೆಸರು! ಲೋಕದ ಯಾವ ವಿಮಾನ ನಿಲ್ದಾಣದಲ್ಲಿ ಈ ಪುಸ್ತಕ ತೆರೆದರೂ ಶಿವಮೊಗ್ಗ ಜಿಲ್ಲೆಯ ಆ ಕಾಡು ಅಲ್ಲಿರುತ್ತದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಈ ವೈರಸ್ಸನ್ನು ಕಂಡುಹಿಡಿದರು. ಅದನ್ನು ಪರೀಕ್ಷಿಸಿದ ಪ್ರಯೋಗಾಲಯದವರಿಗೇ ರೋಗ ತಗಲಿದ್ದುಂಟು. ಹಾಗಾಗಿ ಮಂಗನ ಕಾಯಿಲೆಯ ರಕ್ತ ವಿಮಾನ ಏರಬೇಕಾದರೆ ಮೂರು ಸುತ್ತಿನ ಕೋಟೆ: ಸೋರದ ಕೊಳವೆ, ಒಡೆದರೆ ಪೂರ್ತಿ ಹೀರಿಕೊಳ್ಳುವಷ್ಟು ಹತ್ತಿ, ಅದರ ಸುತ್ತ ಸೋರದ ಇನ್ನೊಂದು ಪಾತ್ರೆ, ಹೊರಗೆ ಗಟ್ಟಿ ಪೆಟ್ಟಿಗೆ. ತಿರುಪಿನ ಮುಚ್ಚಳಕ್ಕೆ ಮೇಲಿಂದ ಟೇಪು ಸುತ್ತಿರಬೇಕು. ಒಳಗಿನ ಎರಡರಲ್ಲಿ ಒಂದಾದರೂ ಮೈನಸ್ 40ರಿಂದ 55 ಡಿಗ್ರಿಯವರೆಗೂ ಅದೇ 95ನ್ನು ತಾಳಬೇಕು. ಪ್ರಯಾಣಿಕರ ವಿಮಾನದಲ್ಲಾದರೆ ಒಂದು ಪೆಟ್ಟಿಗೆಯಲ್ಲಿ 50 ಮಿಲಿಲೀಟರಿಗಿಂತ ಹೆಚ್ಚು ಒಯ್ಯುವಂತಿಲ್ಲ.

ಕ್ಯಾಸನೂರು ನಮಗೆ ದೂರದ ಮಾತಾಗಿತ್ತು, 1982ರ ಕೊನೆಯವರೆಗೆ. ಆ ವರ್ಷ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಸುತ್ತ ಗೇರು ತೋಟಕ್ಕೆಂದು ಕಾಡು ಸವರಿದ್ದರು. ಬೇಸಗೆ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿ ಜನರಿಗೆ ಜ್ವರ, ನೂರಕ್ಕೂ ಮಿಕ್ಕಿ ಸಾವು. ನಮ್ಮ ಮೂಲಮನೆ ಆ ಸೀಮೆಯದೇ. ಸೊಪ್ಪಿಗೆ ಹೋಗುತ್ತಿದ್ದ ನಮ್ಮ ಆಳೊಬ್ಬ ಒಂದು ದಿನ ಕಣ್ಣು ಕೆಂಪಾಗಿಸಿಕೊಂಡು ಬಂದು ಜಗಲಿಯಲ್ಲಿ ಮಲಗಿದ. ಸೊಂಟ ಮುರಿಯುವ ನೋವು, ಮೂಗಿನಲ್ಲಿ ರಕ್ತ. ಆಸ್ಪತ್ರೆಯಲ್ಲಿ ರಕ್ತ ತೆಗೆದು ರಬ್ಬರಿನ ಬಿರಡೆಯ ಶೀಶೆಯಲ್ಲಿ ಹಾಕಿ, ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು ಘಟ್ಟದ ಮೇಲಿನ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಕಳಿಸಿದರು. ವಿಮಾನವಲ್ಲ, ನಿಯಮವಲ್ಲ, ಆಗುಂಬೆಯ ಹದಿನಾಲ್ಕು ತಿರುವು. ಮೂರು ವಾರ ಕಳೆದು ಒಂದು ಚೀಟಿ ಬಂತು: ಬಿರಡೆ ಕಳಚಿ ಶೀಶೆ ಖಾಲಿಯಾಗಿದೆ, ಇನ್ನೊಮ್ಮೆ ರಕ್ತ ಕಳಿಸಿ.

ಅಷ್ಟರಲ್ಲಿ ಅವನ ಜ್ವರ ಇಳಿದಿತ್ತು. ಮತ್ತೆ ಸೂಜಿ ಚುಚ್ಚಿಸಿಕೊಳ್ಳಲು ಅವನು ಒಪ್ಪಲಿಲ್ಲ. ಆ ಫ್ಲಾಸ್ಕನ್ನು ಯಾರು ತೆರೆದರು, ಯಾರ ಕೈ ಒದ್ದೆಯಾಯಿತು ಎಂದು ನಾನು ಬಹಳ ದಿನ ಯೋಚಿಸುತ್ತಿದ್ದೆ. ಅವನು ಮತ್ತೂ ಇಪ್ಪತ್ತು ವರ್ಷ ಬದುಕಿದ. ಅದು ಮಂಗನ ಕಾಯಿಲೆಯೋ ಬೇರೆಯೋ ಎಂದು ಯಾರಾದರೂ ಕೇಳಿದರೆ, "ನನ್ನ ರಕ್ತ ಆಗುಂಬೆಯಲ್ಲಿ ಚೆಲ್ಲಿಹೋಗಿದೆ, ಅಲ್ಲಿ ಹೋಗಿ ಕೇಳಿ" ಎನ್ನುತ್ತಿದ್ದ.